ಬೆನ್ನೆಲುಬಿನ ಗಾರೆ: ಒಂದು ಪದವಿಚಾರ

ಶಸ್ತ್ರವೈದ್ಯರು ‘ಬೋನ್ ಸಿಮೆಂಟ್’ ಎಂದು ಕರೆಯುವ ದ್ರವ್ಯವನ್ನು ಕನ್ನಡದಲ್ಲಿ ‘ಎಲುಬಿನ ಅಂಟು’ ಎಂದುಬಿಟ್ಟರೆ ಅರ್ಥವು ಸುಲಭವಾದಂತೆ ತೋರುವುದು, ಆದರೆ ಯಥಾರ್ಥವಾಗದು. ಅಂಟು ಎರಡು ಮೈಗಳನ್ನು ಹಿಡಿದು ಕೂಡಿಸುವುದು. ಗಾರೆಯು ಸಂದುಗಳನ್ನು ತುಂಬಿ, ಗಟ್ಟಿಯಾಗಿ, ಆ ಮೂಲಕ ಬಿಗಿಯುವುದು. ಪ್ರಕೃತ ದ್ರವ್ಯವು ಎರಡನೆಯ ಜಾತಿಯದು. ಹುಲಿಕಲ್, ಹೊಸನಗರ, ತೀರ್ಥಹಳ್ಳಿಗಳ ಸೀಮೆಯ ಜಂಬಿಟ್ಟಿಗೆ ಕಲ್ಲನ್ನು ಬಲ್ಲವರಿಗೆ ಇದು ಬೇಗನೆ ಮನದಟ್ಟಾಗುವುದು. ಆ ಕಲ್ಲಿನ ತೂತುಗಳಲ್ಲಿ ಗಾರೆಯು ಹೊಕ್ಕು ಹಿಡಿಯುವಂತೆಯೇ, ಕಶೇರುಕದೊಳಗಿನ ಜಾಲರಿಯಂತಹ ಎಲುಬಿನಲ್ಲಿ ಈ ದ್ರವ್ಯವು ಹೊಕ್ಕು ನಿಲ್ಲುವುದು.

ಇದರ ರಾಸಾಯನಿಕ ನಾಮವು ಪಾಲಿಮೀಥೈಲ್ ಮೆಥಾಕ್ರಿಲೇಟ್. ಪುಡಿಯನ್ನೂ ದ್ರವವನ್ನೂ ಕಲಸಿದೊಡನೆ ಅದು ಕಣಕದಂತಾಗಿ, ಬಿಸಿಯನ್ನು ಹೊರಸೂಸಿ, ಕೆಲವೇ ನಿಮಿಷಗಳಲ್ಲಿ ಕಲ್ಲಾಗುವುದು. 1958ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು ಸೊಂಟದ ಕೃತಕ ಕೀಲನ್ನು ನಿಲ್ಲಿಸಲು ಇದನ್ನು ಬಳಸಿದರು. 1984ರಲ್ಲಿ ಫ್ರಾನ್ಸಿನ ಗಾಲಿಬೇರ್ ಮತ್ತು ದರಾಮೋಂ ಎಂಬವರು, ರಕ್ತನಾಳಗಳ ಗಂಟಿನಿಂದ ಶಿಥಿಲವಾಗಿದ್ದ ಕೊರಳಿನ ಕಶೇರುಕವೊಂದಕ್ಕೆ ಸೂಜಿಯ ಮೂಲಕ ಇದನ್ನು ತುಂಬಿದರು. ಇಂದಿಗೂ ಕ್ರಮವು ಅದೇ. ರೋಗಿಯನ್ನು ಬೋರಲಾಗಿ ಮಲಗಿಸಿ, ಕ್ಷಕಿರಣದ ಬಿಂಬವನ್ನು ನೋಡುತ್ತ, ಕೆಲವು ಮಿಲಿಲೀಟರಿನಷ್ಟನ್ನು ಮಾತ್ರ ಸೇರಿಸುವರು. ಬಿಂಬದಲ್ಲಿ ಕಾಣಲೆಂದು ಬೇರಿಯಂ ಸಲ್ಫೇಟು ಮೊದಲಾದುದನ್ನು ಬೆರೆಸಿರುವರು. ಕಾಣದಿದ್ದರೆ ಅಪಾಯವಿದೆ: ಅದು ಸೋರಿ ನರಗಳನ್ನು ಒತ್ತಬಹುದು, ಸಿರೆಗಳ ಮಾರ್ಗವಾಗಿ ಪುಪ್ಪುಸವನ್ನೂ ಸೇರಬಹುದು.

ಸುಶ್ರುತನು ಭಗ್ನಗಳನ್ನು ವಿಂಗಡಿಸುವಲ್ಲಿ ‘ಚೂರ್ಣಿತ’ವೆಂಬ ಭೇದವನ್ನು ಹೇಳಿ, ಚಿಕಿತ್ಸಾಸ್ಥಾನದ 3ನೆಯ ಅಧ್ಯಾಯದಲ್ಲಿ ಪೃಷ್ಠವಂಶದ ಭಗ್ನಕ್ಕೆ ಕಪಾಟಶಯನವನ್ನು, ಎಂದರೆ ಹಲಗೆಯ ಮೇಲೆ ಗೂಟಗಳ ನಡುವೆ ಅಲುಗದಂತೆ ಮಲಗಿಸುವುದನ್ನು ವಿಧಿಸಿದನು. ಅಲ್ಲಿ ಹಲಗೆಯು ಹೊರಗಿನಿಂದ ನಿಶ್ಚಲತೆಯನ್ನು ಕೊಟ್ಟರೆ, ಇಲ್ಲಿ ಗಾರೆಯು ಒಳಗಿನಿಂದ ಕೊಡುವುದು. ಎಲುಬನ್ನು ಬೆಳೆಸುವ ಶಕ್ತಿಯು ಎರಡಕ್ಕೂ ಇಲ್ಲ.

ಈ ಭೇದವು ಕೇವಲ ಶಬ್ದದ್ದಲ್ಲ. ಮುಪ್ಪಿನಲ್ಲಿ ಎಲುಬು ಸವೆದು, ನೀರಿನ ಕೊಡವನ್ನೆತ್ತುವಷ್ಟರಲ್ಲಿ ಕಶೇರುಕ ಕುಸಿದ ವೃದ್ಧೆಗೆ ಈ ಗಾರೆಯು ಒದಗಬಹುದು. ಅಡಕೆಯ ಮರದಿಂದ ಬಿದ್ದು, ಎಲುಬಿನ ಚೂರು ನರವನ್ನೊತ್ತುತ್ತಿರುವ ಕೊನೆಗಾರನಿಗೆ ಇದೊಂದೇ ಸಾಲದು. ಒತ್ತಡವನ್ನು ತೆಗೆಯುವ, ತಿರುಪು ಸರಳುಗಳಿಂದ ಬಿಗಿಯುವ ಬೇರೆ ಶಸ್ತ್ರಕರ್ಮವೇ ಬೇಕಾಗಬಹುದು. ವೃದ್ಧೆಯ ವಿಷಯದಲ್ಲಿಯೂ ಮತಭೇದವುಂಟು. 2009ರಲ್ಲಿ ಪ್ರಕಟವಾದ ಎರಡು ಪರೀಕ್ಷೆಗಳಲ್ಲಿ, ಗಾರೆ ತುಂಬಿದವರಿಗೂ ತುಂಬಿದಂತೆ ನಟಿಸಿದ ಚಿಕಿತ್ಸೆಯನ್ನು ಪಡೆದವರಿಗೂ ನೋವಿನ ಶಮನವು ಹೆಚ್ಚುಕಡಮೆ ಸಮವಾಗಿತ್ತು. 2016ರ ಆಸ್ಟ್ರೇಲಿಯದ ಪರೀಕ್ಷೆಯಾದರೋ, ಮುರಿದು ಆರು ವಾರ ಮೀರದ, ತೀವ್ರ ನೋವುಳ್ಳ ಮುದುಕರಲ್ಲಿ ಪ್ರಯೋಜನವನ್ನು ಕಂಡಿತು.

‘ಅಂಟಿಸಿದರು’ ಎಂದು ಕೇಳಿದ ಮನೆಯವರು ಎಲುಬು ಕೂಡಿತು, ರೋಗ ಹೋಯಿತು ಎಂದುಕೊಳ್ಳುವರು. ‘ಗಾರೆ ತುಂಬಿದರು’ ಎಂದು ಕೇಳಿದವರು ಗೋಡೆಯೇ ಸವೆದಿದೆಯೆಂಬುದನ್ನು ಮರೆಯರು. ಪಕ್ಕದ ಕಶೇರುಕಗಳೂ ಕುಸಿಯದಂತೆ ಸವೆತಕ್ಕೆ ಔಷಧವನ್ನು ಕೊಡಿಸುವರು. ಆದುದರಿಂದ ‘ಅಸ್ಥಿಗಾರೆ’ ಎಂಬ ಪದವೇ ಯುಕ್ತವು.