ಸವೆದ ಬುಶ್, ಮುನಿದ ಕಾರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆ ಒಂದು ಕಾಲಕ್ಕೆ ಕಾರು ಎಂದರೆ ಅಂಬಾಸಿಡರ್. ಮದುವೆ ದಿಬ್ಬಣಕ್ಕೂ ಅದೇ, ರೋಗಿಯನ್ನು ಮೈಸೂರಿನ ಆಸ್ಪತ್ರೆಗೆ ಒಯ್ಯಲೂ ಅದೇ. ಅದನ್ನು ತಯಾರಿಸುತ್ತಿದ್ದ ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆ 2014ರಲ್ಲಿ ಬಾಗಿಲು ಮುಚ್ಚಿತು. ಹಳೆಯ ಪೆಟ್ರೋಲ್ ಅಂಬಾಸಿಡರ್ ಉಳಿಸಿಕೊಂಡವರ ದೂರು ಸಾಮಾನ್ಯವಾಗಿ ಒಂದೇ: ಪ್ಲಗ್ ಬದಲಾಯಿಸಿದ್ದಾಯಿತು, ಕಾರ್ಬ್ಯುರೇಟರ್ ತೊಳೆಸಿದ್ದಾಯಿತು, ಆದರೂ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ!

ಇಂಥ ಸಂದರ್ಭಗಳಲ್ಲಿ ಬಹಳ ಸಲ ತಪ್ಪಿತಸ್ಥ ಯಾರು ಗೊತ್ತೆ? ಡಿಸ್ಟ್ರಿಬ್ಯೂಟರ್ ಒಳಗಿನ ಪುಟ್ಟ ಕಂಚಿನ ಕೊಳವೆ, ಅಂದರೆ ಬುಶ್. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು.

ಎಂಜಿನ್‌ನ ನಾಲ್ಕು ಸಿಲಿಂಡರ್‌ಗಳಿಗೆ ಸರದಿ ತಪ್ಪದಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್ ಕೆಲಸ. ಅದರ ನಡುವೆ ಉಕ್ಕಿನ ಶಾಫ್ಟ್ ತಿರುಗುತ್ತದೆ. ಶಾಫ್ಟಿನ ಮೇಲ್ಭಾಗದಲ್ಲಿ ನಾಲ್ಕು ಮೂಲೆಯ ಕ್ಯಾಮ್ ಇದೆ. ಒಂದೊಂದು ಮೂಲೆ ಬಂದಾಗಲೂ ಪಾಯಿಂಟ್ ತೆರೆದುಕೊಂಡು ಕಿಡಿ ಹುಟ್ಟುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಈ ಶಾಫ್ಟ್ 1500 ಸುತ್ತು. ಸುತ್ತಿಗೆ ನಾಲ್ಕರಂತೆ ಲೆಕ್ಕ ಹಾಕಿ: ನಿಮಿಷಕ್ಕೆ 6000 ಕಿಡಿ, ಸೆಕೆಂಡಿಗೆ ನೂರು!

ಲೂಕಾಸ್ ಮಾದರಿಯ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ ತೆರೆದುಕೊಳ್ಳಬೇಕಾದ ಅಂತರ 0.35ರಿಂದ 0.40 ಮಿಲಿಮೀಟರ್. ಬುಶ್ ಸವೆದು ಶಾಫ್ಟ್ ಪಕ್ಕಕ್ಕೆ ಕೇವಲ 0.1 ಮಿ.ಮೀ. ಅಲುಗಿದರೂ ಅದು ಈ ಅಂತರದ ಕಾಲು ಭಾಗ. ಅಂತರ ಹೆಚ್ಚಾದರೆ ಕಿಡಿ ಬೇಗ, ಕಡಿಮೆಯಾದರೆ ತಡ. ಒಂದು ಸಿಲಿಂಡರಿಗೆ ಮುಂಚೆ, ಇನ್ನೊಂದಕ್ಕೆ ತಡವಾಗಿ ಕಿಡಿ ಸಿಕ್ಕರೆ ಎಂಜಿನ್ ನಡುಗದೆ ಇನ್ನೇನು ಮಾಡೀತು?

ಪತ್ತೆ ಹಚ್ಚುವುದು ಸುಲಭ. ಎಂಜಿನ್ ನಿಲ್ಲಿಸಿ, ಬ್ಯಾಟರಿ ವೈರ್ ಕಳಚಿ, ಮುಚ್ಚಳ ಮತ್ತು ರೋಟರ್ ತೆಗೆದು, ಶಾಫ್ಟಿನ ತುದಿಯನ್ನು ಬೆರಳಲ್ಲಿ ಹಿಡಿದು ಅಲುಗಿಸಿ. ಸುತ್ತುವ ದಿಕ್ಕಿನಲ್ಲಿ ತುಸು ತಿರುಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಬಂದರೆ ಅದು ದೋಷವಲ್ಲ. ವೇಗಕ್ಕೆ ತಕ್ಕಂತೆ ಕಿಡಿಯನ್ನು ಮುಂಚಿತಗೊಳಿಸುವ ವ್ಯವಸ್ಥೆ ಅದು. ಅಕ್ಕಪಕ್ಕಕ್ಕೆ ಆಡಿದರೆ ಮಾತ್ರ ಬುಶ್ ಸವೆದಿದೆ ಎಂದರ್ಥ. ಶಾಫ್ಟ್ ಸವೆದಿದ್ದರೆ ಅದನ್ನೂ ಬದಲಿಸಬೇಕು.

ಬುಶ್ ಬದಲಿಸಲು ಬೇಕಾದದ್ದು ತಾಳ್ಮೆ. ಮೊದಲು ರೋಟರ್ ಮತ್ತು ಡಿಸ್ಟ್ರಿಬ್ಯೂಟರ್ ಯಾವ ದಿಕ್ಕಿಗಿವೆ ಎಂದು ಗುರುತು ಹಾಕಿಕೊಂಡು ಇಡೀ ಡಿಸ್ಟ್ರಿಬ್ಯೂಟರನ್ನು ಹೊರತೆಗೆಯಬೇಕು. ಕೆಳಗಿನ ಪಿನ್ ತೆಗೆದರೆ ಶಾಫ್ಟ್ ಬಿಡುಗಡೆಯಾಗುತ್ತದೆ. ಹಳೆಯ ಬುಶ್ಶನ್ನು ಒತ್ತಿ ಹೊರಗೆ ದೂಡಬೇಕು. ಹೊಸದನ್ನು ಕೂಡಲೇ ಹಾಕುವಂತಿಲ್ಲ! ಕಂಚಿನ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ ಈ ಬುಶ್ಶಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅವು ಎಣ್ಣೆ ಹೀರಿಕೊಳ್ಳಲೆಂದು ಕನಿಷ್ಠ 24 ಗಂಟೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಬೇಕು. ಆಮೇಲೆ ಶಾಫ್ಟಿನ ಅಳತೆಗೇ ಲೇತ್‌ನಲ್ಲಿ ಕಡೆದ ನಯವಾದ ಸರಳಿಗೆ ಸಿಕ್ಕಿಸಿ, ವೈಸಿನಲ್ಲಿ ನೇರವಾಗಿ ಒತ್ತಿ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದರೆ ಬುಶ್ ಸೊಟ್ಟಗಾಗುತ್ತದೆ. ಬಿಗಿ ಇದೆಯೆಂದು ರೀಮರ್ ಹಾಕಿದರೆ ರಂಧ್ರಗಳು ಮುಚ್ಚಿ, ಎಣ್ಣೆ ಒಸರದೆ ಬಹುಬೇಗ ಮತ್ತೆ ಸವೆಯುತ್ತದೆ.

ಬುಶ್ ಹೋದರೆ ಇಡೀ ಡಿಸ್ಟ್ರಿಬ್ಯೂಟರನ್ನೇ ಬಿಸಾಡಬೇಕಿಲ್ಲ. ಬೆಲೆಬಾಳುವ ಶಾಫ್ಟ್ ಉಳಿಯಲಿ ಎಂದೇ ಮೆತ್ತನೆಯ ಬುಶ್ ಸವೆಯುತ್ತದೆ. 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಹಾಗಾಗಿ ಹಳೆಯ ಭಾಗವನ್ನೇ ದುರಸ್ತಿ ಮಾಡುವ ಕೈಗಳಿಗೆ ಈಗಲೂ ಕೆಲಸವಿದೆ. ಆದರೆ ಈ ವಿದ್ಯೆ ಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಅವರು ಕಲಿತದ್ದು ಪುಸ್ತಕದಿಂದಲ್ಲ, ಬೆರಳ ತುದಿಯಿಂದ. ಕಲಿಯುವವರು ಬಾರದಿದ್ದರೆ ಅದು ಅವರೊಂದಿಗೇ ಹೋಗುತ್ತದೆ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಅಥವಾ ಮಗಳು ಐಟಿಐನಲ್ಲಿ ಫಿಟ್ಟರ್, ಟರ್ನರ್ ಕಲಿಯುತ್ತೇನೆಂದರೆ ತಂದೆತಾಯಂದಿರು ಮುಖ ಸಿಂಡರಿಸಬೇಕಿಲ್ಲ. ಎರಡು ವರ್ಷದ ಆ ಕಲಿಕೆಯ ಜೀವಾಳವೇ ಅಳತೆ. ಪಿಯುಸಿ ಪ್ರಯೋಗಾಲಯದ ಸ್ಕ್ರೂ ಗೇಜ್ 0.01 ಮಿ.ಮೀ. ಏಕೆ ಅಳೆಯುತ್ತದೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ವಿದ್ಯಾರ್ಥಿಗಳೇ, ಹಳೆಯ ಕಾರು ಸಿಗದಿದ್ದರೆ ಬೇಸರ ಬೇಡ. ಅನೇಕ ಟೇಬಲ್ ಫ್ಯಾನ್‌ಗಳಲ್ಲೂ ಇಂಥದೇ ಬುಶ್ ಇರುತ್ತದೆ. ಪ್ಲಗ್ ಕಿತ್ತು, ರೆಕ್ಕೆ ಬಿಚ್ಚಿ, ಶಾಫ್ಟನ್ನು ಅಲುಗಿಸಿ ನೋಡಿ. ಆಡುತ್ತಿದೆಯೆ? ಪಾಠ ಅಲ್ಲಿಂದಲೇ ಶುರು.