ಪ್ರವೇಶ ಪರೀಕ್ಷೆಯೂ ಹೊರನಾಡ ಕನ್ನಡದ ಮಕ್ಕಳೂ

ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ಬಯಸುವ ವಿದ್ಯಾರ್ಥಿಗೆ ಈಗ ‘ನೀಟ್’ ಎಂಬ ಒಂದೇ ಪರೀಕ್ಷೆ. 2024ರಲ್ಲಿ ಇದಕ್ಕೆ 23 ಲಕ್ಷಕ್ಕೂ ಹೆಚ್ಚು ಮಂದಿ ಕುಳಿತರು, ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ದೇಶದಲ್ಲೆಲ್ಲ ಒಂದು ಲಕ್ಷಕ್ಕೆ ತುಸು ಮೇಲೆ ಮಾತ್ರ. ಹೋಟೆಲುಗಳಲ್ಲಿ ದುಡಿಯುವ, ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಬಂಧುಗಳ ಮಕ್ಕಳೂ ಈ ಸಾಲಿನಲ್ಲಿದ್ದಾರೆ. ಆದುದರಿಂದ ಈ ಪರೀಕ್ಷೆ ಎಷ್ಟು ಕಠಿಣ, ಎಷ್ಟು ನ್ಯಾಯಸಮ್ಮತ ಎಂಬುದನ್ನು ನಾವು ವಿಚಾರಿಸಲೇಬೇಕಾಗಿದೆ.

ಅದರ ಪರವಾದ ಮಾತನ್ನು ಮೊದಲು ಹೇಳೋಣ. ಹಿಂದೆ ರಾಜ್ಯಕ್ಕೊಂದು, ಖಾಸಗಿ ಕಾಲೇಜುಗಳ ಕೂಟಕ್ಕೊಂದು ಪರೀಕ್ಷೆಯಿತ್ತು. ಪ್ರತಿಯೊಂದಕ್ಕೂ ಬೇರೆ ಶುಲ್ಕ, ಬೇರೆ ಪ್ರಯಾಣ. ತಿಂಗಳ ಸಂಬಳವನ್ನೇ ನೆಚ್ಚಿದ ತಂದೆಗೆ ಅದು ಹೊರಲಾರದ ಹೊರೆ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ಪರೀಕ್ಷೆಯನ್ನು ವಿಧಿಸಿದ ತರುವಾಯ ಆ ಹೊರೆ ಬಹುಮಟ್ಟಿಗೆ ಇಳಿಯಿತು.

ಇನ್ನು ಕಾಠಿಣ್ಯದ ಮಾತು. 2025ರ ಪರೀಕ್ಷೆಯಲ್ಲಿ 180 ಪ್ರಶ್ನೆಗಳಿಗೆ 180 ನಿಮಿಷಗಳು. ಒಟ್ಟು ಅಂಕ 720. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿದರೆ ಒಂದು ಕಡಿತ. ಕಡಿತಕ್ಕೆ ಅಂಜಿ ಪ್ರಶ್ನೆಯನ್ನೇ ಬಿಡುವ ಮಕ್ಕಳುಂಟು. ಆದರೆ ಲೆಕ್ಕ ಹಾಕಿ ನೋಡಿ: ನಾಲ್ಕು ಉತ್ತರಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೂ ಸರಾಸರಿ ಕಾಲು ಅಂಕ ದಕ್ಕುತ್ತದೆ; ಒಂದು ಉತ್ತರ ಖಂಡಿತ ತಪ್ಪೆಂದು ತಿಳಿದು ಕೈಬಿಟ್ಟು ಉಳಿದ ಮೂರರಲ್ಲಿ ಆರಿಸಿದರೆ ಸರಾಸರಿ ಮೂರರಲ್ಲಿ ಎರಡು ಪಾಲು ಅಂಕ. ಇಂಥ ಉಪಾಯಗಳನ್ನು ಕೋಚಿಂಗ್ ತರಗತಿಗಳು ದುಬಾರಿ ಶುಲ್ಕ ಪಡೆದು ಕಲಿಸುತ್ತವೆ. ಪ್ರಶ್ನೆಪತ್ರಿಕೆ ಎಲ್ಲರಿಗೂ ಸಮಾನವಾದರೂ ಸಿದ್ಧತೆ ಸಮಾನವಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಈ ಅಂತರವನ್ನು ಮನಗಂಡೇ ತಮಿಳುನಾಡು 2020ರಲ್ಲಿ ನೀಟ್ ಅರ್ಹತೆ ಪಡೆದ ಸರಕಾರಿ ಶಾಲೆಯ ಮಕ್ಕಳಿಗೆ ಶೇಕಡಾ 7.5ರ ಒಳಮೀಸಲಾತಿ ಕೊಟ್ಟಿತು.

ಭಾಷೆಯ ವಿಷಯದಲ್ಲಿ ಅಸಮಾನತೆ ಇನ್ನೂ ಸ್ಪಷ್ಟವಾಗಿದೆ. 2016ರಲ್ಲಿ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರವಿತ್ತು. 2017ರಲ್ಲಿ ಹತ್ತು ಭಾಷೆಗಳಿಗೆ ಅವಕಾಶವಾಗಿ ಕನ್ನಡವೂ ಸೇರಿತು. ಆದರೆ ಅನುವಾದ ತಪ್ಪಿದರೆ? 2018ರ ತಮಿಳು ಪತ್ರಿಕೆಯ 49 ಪ್ರಶ್ನೆಗಳಲ್ಲಿ ದೋಷವಿತ್ತೆಂದು ಮದರಾಸು ಉಚ್ಚ ನ್ಯಾಯಾಲಯವು ಪ್ರಶ್ನೆಗೆ ನಾಲ್ಕರಂತೆ 196 ಅಂಕ ಕೊಡಬೇಕೆಂದು ಆಜ್ಞಾಪಿಸಿತು. ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷ ಆ ಆಜ್ಞೆಯನ್ನು ರದ್ದುಪಡಿಸಿತು. ಅನುವಾದದಲ್ಲಿ ಸಂದಿಗ್ಧವಿದ್ದರೆ ಇಂಗ್ಲಿಷ್ ಪಾಠವೇ ಅಂತಿಮವೆಂಬುದು ಪರೀಕ್ಷೆಯ ನಿಯಮ.

ಹೊರನಾಡಿನಲ್ಲಿರುವ ನಮಗೆ ಮತ್ತೊಂದು ತೊಡಕುಂಟು. 2024ರ ಮಾಹಿತಿ ಪುಸ್ತಿಕೆಯಂತೆ ಕನ್ನಡ ಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ ಲಭ್ಯ. ಹಿಂದಿಯೂ ಉರ್ದುವೂ ದೇಶದ ಎಲ್ಲ ಕೇಂದ್ರಗಳಲ್ಲಿ ದೊರೆಯುತ್ತವೆ. ಮುಂಬಯಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹುಡುಗಿಯೊಬ್ಬಳು ತನ್ನ ನುಡಿಯಲ್ಲಿ ಪ್ರಶ್ನೆ ಓದಬೇಕಾದರೆ ರೈಲು ಹತ್ತಿ ಬೆಳಗಾವಿಗೋ ಮಂಗಳೂರಿಗೋ ಹೋಗಬೇಕು. ಉರ್ದುವಿಗೆ ಸಾಧ್ಯವಾದುದು ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಕನ್ನಡಕ್ಕೇಕೆ ಅಸಾಧ್ಯ? ಇಲ್ಲಿಯ ಕನ್ನಡ ಸಂಘಗಳು ಈ ಪ್ರಶ್ನೆಯನ್ನು ಪರೀಕ್ಷಾ ಸಂಸ್ಥೆಯ ಮುಂದಿಡಬೇಕು.

ಅದುವರೆಗೆ ತಂದೆತಾಯಂದಿರು ಎರಡು ಸಂಗತಿಗಳನ್ನು ಗಮನಿಸಲಿ. ಕನ್ನಡ ಪತ್ರಿಕೆಯಲ್ಲಿ ಇಂಗ್ಲಿಷ್ ಪಾಠವೂ ಜೊತೆಗಿರುತ್ತದೆ. ಆದುದರಿಂದ ಪಾರಿಭಾಷಿಕ ಪದಗಳನ್ನು ಮಕ್ಕಳು ಎರಡು ಭಾಷೆಗಳಲ್ಲಿಯೂ ಕಲಿಯಲಿ. ಎರಡನೆಯದು, ಸರಕಾರಿ ಕಾಲೇಜುಗಳ ನೂರರಲ್ಲಿ 85 ಎಂ.ಬಿ.ಬಿ.ಎಸ್. ಸ್ಥಾನಗಳನ್ನು ಆಯಾ ರಾಜ್ಯವೇ ತುಂಬುತ್ತದೆ. ಮಹಾರಾಷ್ಟ್ರವು ಸಾಮಾನ್ಯವಾಗಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳನ್ನು ಅಲ್ಲಿಯೇ ಪಾಸಾಗಿರಬೇಕೆನ್ನುತ್ತದೆ. ಕರ್ನಾಟಕವು ಸಾಮಾನ್ಯವಾಗಿ ಏಳು ವರ್ಷಗಳ ವ್ಯಾಸಂಗ ಕೇಳುತ್ತದೆ. ಹತ್ತನೆಯ ತರಗತಿಯಾದೊಡನೆ ಮಗನನ್ನು ಊರಿನ ಪದವಿಪೂರ್ವ ಕಾಲೇಜಿಗೆ ಕಳುಹಿಸಿದರೆ ಎರಡು ರಾಜ್ಯಗಳ ಹಕ್ಕೂ ಕೈತಪ್ಪುವ ಅಪಾಯವಿದೆ. ತಂದೆತಾಯಿಗಳ ವ್ಯಾಸಂಗವನ್ನು ಆಧರಿಸಿದ ವಿನಾಯಿತಿಗಳು ಕರ್ನಾಟಕದ ನಿಯಮಗಳಲ್ಲಿವೆ. ಊರಿಗೆ ಕಳುಹಿಸುವ ಮುನ್ನ ಆ ನಿಯಮಗಳನ್ನು ಓದಿಸಿ ಕೇಳಿರಿ; ತಮ್ಮ ಹಳೆಯ ಶಾಲಾ ದಾಖಲೆಗಳನ್ನೂ ಜೋಪಾನವಾಗಿಡಿರಿ.