ಪಿತ್ತನಾಳದ ಅಡಚಣೆ ಮತ್ತು ಯಕೃತ್ತಿನ ಸೋಂಕು: ಸಾರ್ವಜನಿಕರಿಗೆ ಮಾಹಿತಿ

ಕಾಮಾಲೆಯು ರೋಗದ ಲಕ್ಷಣವೇ ಹೊರತು ಸ್ವತಃ ರೋಗವಲ್ಲ. ವೈರಾಣುಗಳಿಂದ ಬರುವಂತೆ ಪಿತ್ತನಾಳದ ಅಡಚಣೆಯಿಂದಲೂ ಕಾಮಾಲೆ ಬರುತ್ತದೆ. ಇಂತಹ ಅಡಚಣೆಯಿದ್ದಾಗ ಕರುಳಿನ ಬ್ಯಾಕ್ಟೀರಿಯಾಗಳು ಯಕೃತ್ತನ್ನು ಸೇರಿ ಪ್ರಾಣಾಪಾಯ ಉಂಟುಮಾಡಬಹುದು.

ಸೋಂಕು ಉಂಟಾಗುವ ಬಗೆ

ಯಕೃತ್ತಿನಲ್ಲಿ ದಿನಕ್ಕೆ ಸುಮಾರು 500ರಿಂದ 1000 ಮಿ.ಲೀ. ಪಿತ್ತರಸ ಉತ್ಪತ್ತಿಯಾಗಿ ಸಣ್ಣ ಕರುಳಿಗೆ ಹರಿಯುತ್ತದೆ. ಈ ಹರಿವು ನಾಳವನ್ನು ತೊಳೆಯುತ್ತಿರುತ್ತದೆ. ಪಿತ್ತಲವಣಗಳು ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುತ್ತವೆ. ಕಲ್ಲು, ಗಡ್ಡೆ ಅಥವಾ ಜಂತುಹುಳುವಿನಿಂದ ನಾಳ ಮುಚ್ಚಿದಾಗ ಈ ರಕ್ಷಣೆ ತಪ್ಪುತ್ತದೆ. ಆಗ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಕರುಳಿನಿಂದ ನಾಳದ ಮೂಲಕ ಮೇಲೇರಬಹುದು. ದುರ್ಬಲಗೊಂಡ ಕರುಳಿನ ಒಳಪದರವನ್ನು ದಾಟಿ ರಕ್ತದ ಮೂಲಕವೂ ಯಕೃತ್ತನ್ನು ತಲುಪಬಹುದು. ನಾಳದೊಳಗಿನ ಒತ್ತಡ ಹೆಚ್ಚಿದಂತೆ ಅವು ರಕ್ತಕ್ಕೆ ನುಗ್ಗುತ್ತವೆ. ಯಕೃತ್ತಿನಲ್ಲಿ ಕೀವುಗಡ್ಡೆಯೂ ಆಗಬಹುದು.

ಗಮನಿಸಬೇಕಾದ ಲಕ್ಷಣಗಳು

1. ಚಳಿ, ನಡುಕದೊಂದಿಗೆ ಜ್ವರ
2. ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು
3. ಕಾಮಾಲೆ

ಈ ಮೂರನ್ನು ಫ್ರೆಂಚ್ ವೈದ್ಯ ಶಾರ್ಕೊ 1877ರಲ್ಲಿ ಗುರುತಿಸಿದರು. ಎಲ್ಲ ರೋಗಿಗಳಲ್ಲಿ ಮೂರೂ ಒಟ್ಟಿಗೆ ಕಾಣಬೇಕೆಂದಿಲ್ಲ. ರಕ್ತದೊತ್ತಡ ಕುಸಿತ ಮತ್ತು ಮನಸ್ಸಿನ ಗೊಂದಲ ಅತ್ಯಂತ ಅಪಾಯಕರ.

ಮಂಗಳೂರಿನಲ್ಲಿ ಮಲೇರಿಯಾ ಮತ್ತು ಇಲಿಜ್ವರ ಕಂಡುಬರುವುದರಿಂದ ಚಳಿಜ್ವರವನ್ನು ಅವುಗಳದ್ದೇ ಎಂದು ಭಾವಿಸುವ ಸಂಭವವಿದೆ. ಮಲೇರಿಯಾ ಪರೀಕ್ಷೆಯಲ್ಲಿ ರೋಗ ಪತ್ತೆಯಾಗದಿದ್ದರೂ ಕಾಮಾಲೆಯೊಂದಿಗಿನ ಜ್ವರವನ್ನು ನಿರ್ಲಕ್ಷಿಸಬಾರದು. ನೆಲನೆಲ್ಲಿಯಂತಹ ಮನೆಮದ್ದಿನಿಂದ ನಾಳದ ತಡೆ ನಿವಾರಣೆಯಾಗುವುದಿಲ್ಲ.

ಚಿಕಿತ್ಸೆ

ರಕ್ತಪರೀಕ್ಷೆ ಹಾಗೂ ಅಲ್ಟ್ರಾಸೌಂಡ್‌ ಸ್ಕ್ಯಾನಿಂಗ್‌ನಿಂದ ಅಡಚಣೆಯ ಸುಳಿವು ದೊರೆಯುತ್ತದೆ. ಮುಚ್ಚಿದ ನಾಳದೊಳಕ್ಕೆ ಆ್ಯಂಟಿಬಯಾಟಿಕ್ ಔಷಧ ಸಾಕಷ್ಟು ತಲುಪದ ಕಾರಣ, ಔಷಧದೊಂದಿಗೆ ಎಂಡೋಸ್ಕೋಪಿ (ಇ.ಆರ್.ಸಿ.ಪಿ.) ಮುಂತಾದ ವಿಧಾನದಿಂದ ಪಿತ್ತರಸಕ್ಕೆ ದಾರಿ ಮಾಡಿಕೊಡುವುದು ಅವಶ್ಯಕ.

ನಾಗರಿಕರು ಅನುಸರಿಸಬೇಕಾದ ಕ್ರಮ

ಅತ್ತಾವರ ಮತ್ತು ಸುತ್ತಲಿನ ನಿವಾಸಿಗಳು ಮೇಲ್ಕಂಡ ಲಕ್ಷಣಗಳು ಕಂಡೊಡನೆ ಹಂಪನಕಟ್ಟೆಯ ಸರ್ಕಾರಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆಗೆ ಅಥವಾ ಸಮೀಪದ ಇತರ ಆಸ್ಪತ್ರೆಗೆ ತೆರಳತಕ್ಕದ್ದು. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಚಿಕಿತ್ಸಾ ಸೌಲಭ್ಯವಿದೆ. ಆಧಾರ್ ಮತ್ತು ಪಡಿತರ ಚೀಟಿಗಳನ್ನು ಜೊತೆಗೆ ಒಯ್ಯುವುದು ಒಳಿತು. ಆದರೆ ದಾಖಲೆ ಹೊಂದಿಸುವ ಸಲುವಾಗಿ ರೋಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.